ಹಂದಿಗಳನ್ನೇ ಕೇಳಿ

ವಾಲ್ ಸೆರ್ಲಾ
ಅಕ್ಟೋಬರ್ 19, ಭಾನುವಾರ

ಮುದ್ದಿನ ತಮ್ಮ ಫ್ಲುರಿನ್‌ಗೆ,

ಘಾಟಿಯ ಆಚೆ ನೀನು ಚೆನ್ನಾಗಿದ್ದೀಯ, ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಎಂದುಕೊಂಡು ಬರೆಯಲು ಕೂತಿದ್ದೇನೆ. ಮೂರು ವಾರ ತಡ ಮಾಡಿದೆ, ಬೈದುಕೋ. ದಿನಾ ಪೆನ್ನು ಹಿಡಿದೆ, ದಿನಾ ಏನೋ ನೆಪ ಸಿಕ್ಕಿತು.

ಇಲ್ಲಿ ಮೊದಲ ಹಿಮ ಬಿತ್ತು. ಬೆಳಿಗ್ಗೆ ಚರಂಡಿ ನೀರು ಶುದ್ಧಿ ಮಾಡುವ ನಮ್ಮ ಘಟಕದ ತೊಟ್ಟಿಗಳ ಮೇಲೆ ಆವಿ ಏಳುತ್ತದೆ. ಇದು ಊರಿನವರೆಲ್ಲರ ಬಚ್ಚಲ ನೀರು ಎನ್ನುವುದೇ ಮರೆತುಹೋಗುತ್ತದೆ. ಆ ಆವಿಯೊಳಗೆ ನಡೆದರೆ ನನ್ನ ಕಾಲು ನನಗೇ ಕಾಣುವುದಿಲ್ಲ, ಆಚೆ ನದಿ ಮಾತ್ರ ಕೇಳಿಸುತ್ತದೆ. ಮೀನುಗಳು ಮೊಟ್ಟೆಯಿಡಲು ಮೇಲೇರುವ ಕಾಲ. ನಾವು ಬಿಡುವ ನೀರು ಕೆಟ್ಟರೆ ಅವು ಅರ್ಧ ದಾರಿಯಲ್ಲೇ ತಿರುಗಿಬಿಡುತ್ತವೆ.

ಕಳೆದ ತಿಂಗಳು ನೀರು ಕೆಟ್ಟೇಬಿಟ್ಟಿತಲ್ಲ. ಆ ಸೋಮವಾರ ನನಗೆ ನೆಗಡಿ. ಎಂದಿನಂತೆ ಒಂದು ಹನಿ ಕೆಸರನ್ನು ಮೈಕ್ರೋಸ್ಕೋಪಿನ ಅಡಿ ಇಟ್ಟೆ. ಕೊಳೆ ತಿಂದು ನೀರು ತಿಳಿ ಮಾಡುವ ನನ್ನ ಗಂಟೆಹುಳಗಳು ನಿನಗೆ ಗೊತ್ತಲ್ಲ, ದಂಟಿನ ತುದಿಯಲ್ಲಿ ತೂಗಾಡುತ್ತಿರುತ್ತವೆ. ಇಪ್ಪತ್ತಾರು ವರ್ಷದಿಂದ ಆ ತೂಗಾಟ ನೋಡಿಯೇ ನನಗೆ ಬೆಳಗಾಗುವುದು. ಅವತ್ತು ಬರೀ ದಂಟುಗಳಿದ್ದವು, ಗಂಟೆಗಳು ಉದುರಿಹೋಗಿದ್ದವು.

"ನಿನ್ನ ತಮ್ಮ ಈ ಸಲ ಹಂದಿಗಳನ್ನ ಒಂದು ವಾರ ಮೊದಲೇ ಬೆಟ್ಟದಿಂದ ಇಳಿಸಿದಾನೆ. ಚೀಸ್ ಮಾಡೋದು ಮಾತ್ರ ನಿಲ್ಲಿಸಿಲ್ಲ. ಹಂದಿ ಕುಡಿಯೋ ಆ ಹಾಲು ಒಡೆದ ನೀರನ್ನ ಈಗ ಯಾರು ಕುಡೀತಿದಾರೆ, ಅವನಾ?" ಅಂದರು ಊರಿನ ಅಧ್ಯಕ್ಷರು. ನಿನ್ನ ಬೆಟ್ಟದ ಮನೆಯ ಚರಂಡಿ ಹೋದ ವರ್ಷವಷ್ಟೇ ನಮ್ಮ ಕೊಳವೆಗೆ ಸೇರಿತ್ತು. ಆ ನೀರು ಅಲ್ಲಿಂದ ಒಮ್ಮೆಗೇ ಇಳಿದರೆ ನನ್ನ ಹುಳಗಳು ಉಳಿಯವು. ನಾನು ವರದಿಯಲ್ಲಿ ನಿನ್ನ ಹೆಸರು ಬರೆದೆ.

ನಿನ್ನನ್ನು ಕರೆಸಿ ಕೇಳಿದಾಗ ನೀನು ಕೊಟ್ಟ ಉತ್ತರವೋ! "ಹಂದಿಗಳನ್ನೇ ಕೇಳಿ, ಅವು ಸುಳ್ಳು ಹೇಳಲ್ಲ." ಎಲ್ಲರೂ ಉರಿದುಬಿದ್ದರು, ನಾನೂ. ನಿನ್ನ ಬಾಯಿಗೆ ಬೀಗವಿಲ್ಲ ಮಾರಾಯ.

ಆ ಭಾನುವಾರವೇ ಚೀಸ್ ಹಂಚಿಕೆ. ಬೇಸಿಗೆಯಿಡೀ ನೀನು ಹೊರಳಿಸಿ ಉಪ್ಪು ಸವರಿದ ಚೀಸ್ ಚಕ್ರಗಳು ಮೇಜಿನ ಮೇಲಿದ್ದವು. ಬೆಟ್ಟಕ್ಕೆ ನಿನ್ನ ಬಳಿ ಹಸು ಕಳಿಸಿದ ಒಂದೊಂದು ಮನೆಯವರೂ ನಿನ್ನ ಕೈಕುಲುಕಿ ಪಾಲು ಹೊತ್ತೊಯ್ಯಬೇಕಿತ್ತು. ಒಬ್ಬರೂ ಮುಟ್ಟಲಿಲ್ಲ. ಸಂಜೆಯವರೆಗೆ ನಿಂತಿದ್ದು, ಏಪ್ರನ್ ಬಿಚ್ಚಿ ಮಡಚಿಟ್ಟು, ನೀನು ಘಾಟಿ ಹತ್ತಿದೆ.

ಆಮೇಲಿನದು ಕೇಳು. ನನ್ನ ಜೊತೆ ಕೆಲಸ ಮಾಡುವ ಕುರ್ದಿನ್ ರಜೆಯಿಂದ ಬಂದವನು, ಆ ಸೋಮವಾರ ನಾನು ತೆಗೆದಿಟ್ಟಿದ್ದ ನೀರಿನ ಸೀಸೆಯ ಮುಚ್ಚಳ ತೆಗೆದು ಮೂಸಿದ. "ಇದು ಹಾಲಲ್ಲ ಬ್ರೈದಕ್ಕ, ಈಜುಕೊಳ! ನಿನ್ನ ಮೂಗು ಎಲ್ಲಿಗೆ ಹೋಗಿತ್ತು?" ಕಟ್ಟಿದ ಮೂಗನ್ನು ನಂಬಿ ಕೂತಿದ್ದೆನಲ್ಲ, ಪಕ್ಕದವರ ಮೂಗನ್ನಾದರೂ ಕೇಳಬಾರದಿತ್ತೆ? ಮೇಲಿನ ಹೋಟೆಲಿನವರು ಸೀಸನ್ ಮುಗಿಯಿತೆಂದು ಕ್ಲೋರಿನ್ ಸುರಿದು ಕೊಳ ತೊಳೆದು, ಅಷ್ಟೂ ನೀರನ್ನು ಒಂದೇ ಸಲಕ್ಕೆ ಚರಂಡಿಗೆ ಬಿಟ್ಟಿದ್ದರು. ಕೇಳಿದ ಕೂಡಲೇ ಒಪ್ಪಿಕೊಂಡರು.

ನೀನು ಇಳಿಸಿದ ಹಂದಿಗಳನ್ನು ಕೆಳಗೆ ನೋಡಿಕೊಳ್ಳುವ ಬಾರ್ಲಾ ಅಜ್ಜಿಯ ಹತ್ತಿರವೂ ಹೋದೆ. "ದಿನಾ ಮಧ್ಯಾಹ್ನ ಹೇಸರಗತ್ತೆ ಮೇಲೆ ಹಾಲು ಒಡೆದ ನೀರಿನ ಕ್ಯಾನು ಹೇರ್ಕೊಂಡು ಬಂದು ಹಂದಿಗಳಿಗೆ ಸುರೀತಿದ್ದ ಕಣೆ ನಿನ್ನ ತಮ್ಮ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ," ಎಂದಳು. ನಾಚಿಕೆಯಿಂದ ಸತ್ತೆ.

ಪಕ್ಕದ ಕಣಿವೆಯವರು ಒಂದು ಟ್ಯಾಂಕರ್ ಜೀವಂತ ಕೆಸರು ಕೊಟ್ಟರು. ಹಾಲಿಗೆ ಹೆಪ್ಪು ಹಾಕಿದಂತೆ ಹಾಕಿದೆವು. ಮೊನ್ನೆಯಿಂದ ಗಂಟೆಗಳು ಮತ್ತೆ ತೂಗುತ್ತಿವೆ. ನಿದ್ದೆಯಲ್ಲಿ ಅವುಗಳ ಸದ್ದು ಕೇಳುತ್ತದೆ ಅಂದರೆ ನಗಬೇಡ. ನದಿಯೊಳಗೇ ದನಗಳು ಇಳಿದು ಬರುತ್ತಿರುತ್ತವೆ, ಮೀನುಗಳು ಅವುಗಳ ಕಾಲ ಸಂದಿಯಲ್ಲಿ ಏರುತ್ತಿರುತ್ತವೆ, ಎಲ್ಲಕ್ಕಿಂತ ಮುಂದೆ ನೀನು. ಕೂಗುತ್ತೇನೆ, ನೀನು ತಿರುಗುವುದಿಲ್ಲ.

ವರದಿ ತಿದ್ದಿ ಕಳಿಸಿದ್ದೇನೆ, ಅಧ್ಯಕ್ಷರು ಸಭೆಯಲ್ಲಿ ಓದಿದರು. ಚೀಸೆಲ್ಲ ನೆಲಮಾಳಿಗೆಯಲ್ಲಿದೆ. ನಿನ್ನ ಕೈಯಿಂದಲೇ ತೆಗೆದುಕೊಳ್ಳುತ್ತೇವೆ ಅನ್ನುತ್ತಾರೆ ಎಲ್ಲರೂ. ಬರಬೇಕು ಅನ್ನಿಸಿದರೆ ಬಾ. ಎಲ್ಲಿದ್ದರೂ ನಿನ್ನ ಒಲೆ ಬೆಚ್ಚಗಿರಲಿ, ಕಾಲಡಿಯ ನೀರು ತಿಳಿಯಾಗಿರಲಿ.

ನಿನ್ನ ಅಕ್ಕ,
ಬ್ರೈದಾ

ತಾ.ಕ.: ಹಂಚಿಕೆಯ ದಿನ ನಿನಗೆ ಕಂಡಿತೋ ಇಲ್ಲವೋ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪಾಲು ತೆಗೆದುಕೊಳ್ಳಲು ಮೊದಲು ಕೂಗಿದ್ದು ನಮ್ಮ ಮನೆಯ ಹೆಸರನ್ನೇ. ಅಕ್ಕ ಏನು ಮಾಡುತ್ತಾಳೆಂದು ಊರೆಲ್ಲ ನನ್ನನ್ನೇ ನೋಡುತ್ತಿತ್ತು. ನಾನು ಮುಟ್ಟಿದ್ದರೆ ಎಲ್ಲರೂ ಮುಟ್ಟುತ್ತಿದ್ದರು. ನಾನು ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.