ಭವಿತ್‌ನ ಅರ್ಜಿ ನನ್ನ ಬ್ಯಾಗಿನಲ್ಲಿ

ಭವಿತ್,

ಎರಡನೇ ವರ್ಷಕ್ಕೇ ಪುನಃ ಸೇರುವ ಆ ಅರ್ಜಿಯನ್ನು ಮೇಜಿನ ಮೇಲೆ ಹುಡುಕಬೇಡ. ಅದು ನನ್ನ ಬ್ಯಾಗಿನಲ್ಲಿ ಉಂಟು. ನಿನ್ನೆ ಕಾಲೇಜಿನ ಆಫೀಸಿನಲ್ಲಿ ಕೇಳಿದೆ. ಒಂದೇ ಕ್ಲಾಸಿಗೆ ಎರಡು ಸಲ ಸ್ಕಾಲರ್‌ಶಿಪ್ ಕೊಡುವುದಿಲ್ಲವಂತೆ. ಮೂರನೇ ವರ್ಷದಲ್ಲಿ ಕೂತುಕೊಂಡೇ ಫೇಲಾದ ಎರಡು ಪೇಪರ್ ಮಾತ್ರ ಬರೆದರೆ ಅದು ಕಟ್ ಆಗುವುದಿಲ್ಲ. ಯಾರನ್ನೂ ಒಂದು ಮಾತು ಕೇಳದೆ ಸಹಿ ಹಾಕಿದ್ದೀಯಲ್ಲ ಮಾರಾಯ.

ಗಂಜಿ ಒಲೆಯ ಮೇಲೆ ಉಂಟು, ಉಂಡು ಹೊರಡು. ಕೋಳಿಗೂಡಿನ ಬಾಗಿಲು ತೆರೆಯಲು ಮರೆಯಬೇಡ.

ಅಮ್ಮನಿಗೆ ನಾನು ಎಂತದೂ ಹೇಳಲಿಲ್ಲ. ಅವರು ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಹೋಗುವ ಮೊದಲು ನಿನ್ನ ಬಿಳಿ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಾರೆ, ಇವತ್ತಿನಿಂದ ಮಗನಿಗೆ ಮೂರನೇ ವರ್ಷವಲ್ಲವಾ ಎಂದು.

ಅದನ್ನೇ ಹಾಕಿಕೊಂಡು ಬಾ. ನೀನು ಕ್ಲಾಸಿನೊಳಗೆ ಹೋಗುವವರೆಗೆ ನಾನು ಕಾಲೇಜಿನ ಗೇಟಿನಲ್ಲೇ ನಿಂತಿರುತ್ತೇನೆ.

ಮೋಕ್ಷಿತಕ್ಕ