ದಾರ ಕೊರೆದ ಹಲ್ಲು

ನವೆಂಬರ್ ೧೬, ಶನಿವಾರ

ಇವತ್ತು ಹಲ್ಲಿಗೆ ಸಿಮೆಂಟು ಮೆತ್ತಿಸಿಕೊಂಡು ಬಂದೆ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ನಲವತ್ತು ವರ್ಷ ಬ್ಲೌಸ್ ಹೊಲಿದು, ದಾರವನ್ನು ಹಲ್ಲಲ್ಲೇ ಕಡಿದು ಕಡಿದು, ಮೇಲಿನ ಮುಂದಿನ ಹಲ್ಲಿನ ತುದಿಯಲ್ಲಿ ಸಣ್ಣ ಕೊರಕಲು ಬಿದ್ದಿತ್ತು. ನನಗೇನೂ ನೋಯುತ್ತಿರಲಿಲ್ಲ. ನೋವೆಲ್ಲ ಮಗ ಪ್ರೇಮ್‌ಕುಮಾರನಿಗೆ. ಮೊಮ್ಮಗಳು ಪೂಜಿತಾಳ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಬರುತ್ತಾರಲ್ಲ, ಅವರು ನೋಡಿಬಿಟ್ಟರೆ?

ಇಂದಿರಾನಗರದ ಡಾಕ್ಟರಮ್ಮ ಒಳ್ಳೆಯವಳು. "ಅಜ್ಜಿ, ಹಲ್ಲಿನ ಮೇಲ್ಪದರ ಮೂಳೆಗಿಂತ ಗಟ್ಟಿ. ಆದ್ರೆ ಅದಕ್ಕೆ ಜೀವ ಇಲ್ಲ, ಸವೆದ್ರೆ ಮತ್ತೆ ಬೆಳೆಯಲ್ಲ. ಮುಂದಿನ ಹಲ್ಲು ತುಂಡು ಮಾಡೋಕೆ, ಹಿಂದಿನವು ಅರೆಯೋಕೆ," ಅಂದಳು.

"ನಾನೂ ತುಂಡೇ ಮಾಡಿದ್ದಮ್ಮ," ಅಂದೆ. ಅವಳು ನಕ್ಕಳು. ಮಗ ನಗಲಿಲ್ಲ.

ವಾಪಸ್ ಬರುವಾಗ ಆಟೋದಲ್ಲಿ ಬಾಯಿ ಬಿಟ್ಟ. "ಹೊಲಿಗೆ ವಿಷ್ಯ ಅವ್ರ ಹತ್ರ ಎತ್ಬೇಡಮ್ಮ. ಮನೇಲೇ ಇದ್ದೆ ಅನ್ನು, ಸಾಕು."

ಅವನ ಬಾಯಲ್ಲಿರುವ ಹಲ್ಲುಗಳೆಲ್ಲ ಈ ಒಂದು ಹಲ್ಲು ದುಡಿದು ಹಾಕಿದ ಅನ್ನದಲ್ಲಿ ಬೆಳೆದವು. ಹೇಳಬೇಕಿತ್ತು. ಡಾಕ್ಟರಮ್ಮ ಕೊಟ್ಟ ಇಂಜೆಕ್ಷನ್ನಿಗೆ ಬಾಯಿ ಇನ್ನೂ ಮರಗಟ್ಟಿತ್ತು.

ಸಂಜೆ ಪೂಜಿತಾಳ ನಿಶ್ಚಿತಾರ್ಥದ ಬ್ಲೌಸಿಗೆ ಕೊನೆಯ ಹುಕ್ ಹಾಕಿ, ಗಂಟು ಬಿಗಿದು, ದಾರವನ್ನು ಬಾಯಿಗಿಟ್ಟೆ. ಜಾರಿತು. ಮತ್ತೆ ಕಚ್ಚಿದೆ, ಮತ್ತೆ ಜಾರಿತು. ಯಾರದೋ ಹಲ್ಲನ್ನು ತಂದು ನನಗೆ ಅಂಟಿಸಿದ ಹಾಗಿದೆ. ಕತ್ತರಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ದಾರ ಬ್ಲೌಸಿನ ಬೆನ್ನ ಮೇಲೆ ಗೇಣುದ್ದ ನೇತಾಡುತ್ತಿದೆ. ನೇತಾಡಲಿ. ಇದನ್ನು ಹೊಲಿದವರು ಯಾರು ಅಂತ ಗಂಡಿನ ಕಡೆಯವರೇ ಕೇಳಲಿ. ಪ್ರೇಮನೇ ಉತ್ತರ ಹೇಳಲಿ.