ಎಡಕ್ಕ ಬೀಳೂ ಗುಂಡು

೪ ಫೆಬ್ರುವರಿ ೧೯೪೬, ಸೋಮವಾರ. ಮಾನ್ವಿ

ಇವತ್ತೂ ಅದೇ ಹಣೇಬರ. ಬೆಳಿಗ್ಗಿ ನಾಲ್ಕು ಗಾಡಿ ಹತ್ತಿ ಬಂತು. ತೂಕ ಮುಗಿಸಿ ಗುಡ್ಡದ ಹಿಂದ ಹೋದೆ. ಕಲ್ಲಿನ ಮ್ಯಾಲ ಒಡಕು ಗಡಿಗಿ ಇಟ್ಟು ಹದಿನೈದು ಹೆಜ್ಜಿಯಿಂದ ಆರು ಗುಂಡು ಹೊಡದೆ. ಆರೂ ಎಡಕ್ಕ, ಕೆಳಗ. ಗಡಿಗಿ ಹಂಗ ಕುಂತಿತ್ತು. ಹೊಸಾ ರಿವಾಲ್ವರು! ಎಣ್ಣಿ ವಾಸನಿ ಸೈತ ಇನ್ನಾ ಹೋಗಿಲ್ಲ. ಅಸಲು ವಿಲಾಯತಿ ಮಾಲು ಅಂದಿದ್ದ ರಾಯಚೂರಿನ ಅಂಗಡ್ಯಾವ. ಅವನ ಬಾಯಿಗೆ ಮಣ್ಣ ಹಾಕ.

ಮಾಳಿಂಗಪ್ಪ ಜೇಲಿನಿಂದ ಬಂದು ಇವತ್ತಿಗೆ ಹನ್ನೊಂದು ದಿನ. ಎಂಟು ವರ್ಷದ ಹಿಂದ ಕಲ್ಲೂರು ದಾರ್ಯಾಗ ನಮ್ಮ ಗಾಡಿ ತಡದು ಅಣ್ಣಗ ಗುಂಡು ಹೊಡದವ. ಗದ್ದೆಪ್ಪಣ್ಣ ಮಾತು ಬಿದ್ದು ಮೂರು ತಿಂಗಳು ನರಳಿ ಸತ್ತ. ಅದಾಲತ್ತಿನ್ಯಾಗ ಗವಾಹಿ, ಕಣ್ಣಾರೆ ಕಂಡ ಸಾಕ್ಷಿ, ನಂದು ಒಂದೇ. ನನ್ನ ಮಾತಿನ ಮ್ಯಾಲ ಹತ್ತು ವರ್ಷ ಜೇಲು ಆತು. ಎಂಟಕ್ಕ ಬಿಟ್ಟಾರ. ನಡತಿ ಛಲೋ ಇತ್ತಂತ... ಛಲೋ ನಡತಿ! ಅವ ಬರ್ತಾನಂತ ತಿಳದೇ ನಾ ಲೈಸೆನ್ಸ್ ಮಾಡಿಸಿದ್ದು.

೬ ಫೆಬ್ರುವರಿ

ಮತ್ತ ಆರು. ಮತ್ತ ಎಡಕ್ಕ. ಬಸವಂತಮ್ಮ ರೊಟ್ಟಿ ಹಾಕೋತ ಕೇಳಿದಳು —

"ಗುಂಡು ಎಲ್ಲಿ ಬಿದ್ವು?"

"ಗುಡ್ಡಕ್ಕ."

"ಪಾಪ, ಗುಡ್ಡ ನಿಮಗೇನು ಮಾಡಿತ್ರಿ?"

ಹೆಂಡ್ತಿಗೆ ಚ್ಯಾಷ್ಟಿ. ನನಗ ಜೀವದ ಚಿಂತಿ. ತಾಟು ಸರಿಸಿ ಎದ್ದೆ. ಆಮ್ಯಾಲ ಹಸಿವಾಗಿ ಮತ್ತ ಬಂದು ಕುಂತೆ.

ಸಂಜಿಮುಂದ ಮಜ್ಜಿಗಿ ಮಾರೂ ಸೂಗಮ್ಮ ಬಂದಿದ್ದಳು. ಮಾಳಿಂಗಪ್ಪನ ಊರು ಮಲ್ಲಟದಾಕಿ. ಅವ ಆಕಿನ್ನ ಕೇಳಿದನಂತ, "ಸಾವಕಾರ್ರು ಮನ್ಯಾಗ ಯಾವಾಗ ಇರ್ತಾರ?" ಅಂತ. ಯಾಕಲೇ ಅಂದ್ರ ಹೊಳ್ಳಿ ನಡದನಂತ. ಸೂಗಮ್ಮ ಹೋದ ಮ್ಯಾಲ ಬಡಿಗ್ಯಾನ್ನ ಕರಸಿದೆ. ಹಿತ್ತಲ ಬಾಗಿಲಕ್ಕ ಎರಡನೇ ಅಗಳಿ ಹಾಕಿಸಿದೆ.

೭ ಫೆಬ್ರುವರಿ

ನಳಿಗಿ ತುದಿಗೆ ಗುರಿ ನೋಡೂ ನಿಶಾನಿ ಕಡ್ಡಿ ಸೊಟ್ಟ ಇರಬೇಕು. ಇಲ್ಲಾ ಕಾಡತೂಸು ಹಳೇವು, ಲಡಾಯಿ ಕಾಲದ ಉಳಿಕಿ ಮಾಲು. ಇಲ್ಲಾ ನನ್ನ ಕಣ್ಣಿನ ಚಾಳೀಸು. ಚಾಳೀಸು ತಗದು ಹೊಡದೆ — ಗಡಿಗೀನ ಕಾಣಲಿಲ್ಲ. ಗಾಳಿ ಅಂತೀನಂದ್ರ ಎಲಿ ಸೈತ ಅಲಗ್ಯಾಡವಲ್ದು. ಅರ ತಗೊಂಡು ಕಡ್ಡಿ ತಿಕ್ಕಾಕ ಕುಂತಿದ್ದೆ, ಬಸವಂತಮ್ಮ ಕಸಗೊಂಡಳು. "ತಂದಲ್ಲಿ ಒಯ್ದು ತೋರಿಸ್ರಿ. ಕೆಡಿಸಿಕೊಂಡು ಕುಂದರಬ್ಯಾಡ್ರಿ" ಅಂತ. ಖರೇ ಅದ. ನಾಡಿದ್ದು ರಾಯಚೂರು.

೯ ಫೆಬ್ರುವರಿ, ಶನಿವಾರ. ರಾಯಚೂರು

ಅಂಗಡ್ಯಾವನ ಕೂಡ ಜಗಳ. ಮೋಸಗಾರ ಅಂದೆ. ಮಾರಾಯ ಸಿಟ್ಟಿಗೇಳಲೇ ಇಲ್ಲ. ಹಿತ್ತಲದಾಗ ಉಸುಕಿನ ಚೀಲದ ಮ್ಯಾಲ ರಿವಾಲ್ವರ್ ಊರಿ, ಹಲಗಿಗೆ ಸುಣ್ಣದ ಬಟ್ಟು ಇಟ್ಟು ಮೂರು ಹೊಡದ. ಮೂರೂ ಬಟ್ಟಿನ್ಯಾಗ. ನನ್ನವೇ ಕಾಡತೂಸು. "ಮಾಲಿನ್ಯಾಗ ಐಬಿಲ್ರಿ" ಅಂದ. ಹಂಗಾದ್ರ ಐಬು ಎಲ್ಲಿ ಅದ? ದೇವದುರ್ಗದಾಗ ಬುರ್ಹಾನುದ್ದೀನ್ ಅಂತ ಪಿಂಚಣಿ ಹವಾಲ್ದಾರ ಅದಾನ, ಪಲ್ಟಣಿನ್ಯಾಗ ಮಂದಿಗೆ ಬಂದೂಕು ಕಲಿಸಿದವ, ಅಲ್ಲಿ ಹೋಗ್ರಿ ಅಂದ. ಹೋಗ್ತೀನಿ. ಮಾನ್ವಿಯಿಂದ ಹೋಗಿದ್ರ ಮಲ್ಲಟದ ಸೀಮಿ ದಾಟಬೇಕಿತ್ತು. ಇಲ್ಲಿಂದ ಬಸ್ಸು ಅದ, ಪುಣ್ಯ.

೧೦ ಫೆಬ್ರುವರಿ. ದೇವದುರ್ಗ. ಮಧ್ಯಾಹ್ನ

ಬಸ್ಸಿಗೆ ಕಾಯ್ಕೋತ ಬೇವಿನ ಗಿಡದ ಕೆಳಗ ಕುಂತು ಬರಿಯಾಕತ್ತೀನಿ. ಬರೀಲಿಲ್ಲಂದ್ರ ತಲಿ ಒಡೀತದ.

ಬುರ್ಹಾನುದ್ದೀನ್ ಮುದುಕ. ಗಡ್ಡ ಬೆಳ್ಳಗ, ಬೆನ್ನು ಮಾತ್ರ ನೆಟ್ಟಗ. ಬೇಲಿ ಮ್ಯಾಲ ಐದು ಸೋರೆಬುರುಡಿ ಇಟ್ಟು ಐದು ಗುಂಡಿಗೆ ಐದೂ ಒಡದ. "ಇದರ ಕಸೂರ್ ಇಲ್ರಿ ಸಾವಕಾರ್ರ. ಈಗ ನೀವು ಹೊಡೀರಿ" ಅಂದ. ನನಗ ಬೆನ್ನು ತಿರುಗಿಸಿ ತಾನೇ ಕಾಡತೂಸು ತುಂಬಿ ಕೊಟ್ಟ.

ಮೊದಲನೇದು ಢಂ ಅಂತು. ಎಡಕ್ಕ. ಎರಡನೇದಕ್ಕ ಬೆರಳಿಲೆ ರಿವಾಲ್ವರಿನ ಕುದರಿ ಎಳದೆ — ಟಕ್ ಅಂತು ಅಷ್ಟ. ಗುಂಡಿಲ್ಲ, ಸಪ್ಪಳಿಲ್ಲ. ಆದ್ರ ನಳಿಗಿ ಎಡಕ್ಕ ಬಗ್ಗಿ ನೆಲಾ ನೋಡಾಕತ್ತಿತ್ತು! ಮುದುಕ ನನಗ ಗೊತ್ತಿಲ್ಲದಂಗ ನಡುನಡುವ ಖಾಲಿ ಕಾಡತೂಸು ಹಾಕಿದ್ದ.

"ಕಂಡ್ರೇನು? ಗುಂಡು ಹಾರೂದಕ್ಕಿಂತ ಮೊದಲ ನಿಮ್ಮ ಕೈ ಹೆದರಿ ಬಗ್ತದ. ಮತ್ತ ಕಣ್ಣೂ ಮುಚ್ತೀರಿ."

"ಕಣ್ಣು? ನಾನೇನು ಮುಚ್ಚಂಗಿಲ್ಲ" ಅಂದೆ. ಸಿಟ್ಟು ಬಂತು.

ಒಳಗಿನಿಂದ ಅವನ ಹೆಂಡ್ತಿ ಸುಗ್ರಾ ಬೇಗಂ ಒದರಿದಳು, "ಮುಚ್ತಾರ, ಮುಚ್ತಾರ! ನಾ ಖಿಡಕ್ಯಾಗಿಂದ ನೋಡಿದೆ!"

ಮತ್ತ ಹೊಡದೆ. ಈ ಸಲ ನನ್ನ ಮ್ಯಾಲ ನಾನೇ ಲಕ್ಷ್ಯ ಇಟ್ಟೆ. ಖರೇ... ಸಪ್ಪಳಕ್ಕಿಂತ ಮೊದಲ ಕತ್ತಲಿ. ಸಪ್ಪಳ ಆದ ಮ್ಯಾಲ ಬೆಳಕು. ನಡುವ ಏನೂ ಇಲ್ಲ. ನಲವತ್ತು ವರ್ಷದ ಮನಷ್ಯಾ, ನನಗೇ ಗೊತ್ತಿದ್ದಿಲ್ಲ.

"ನಾಚಿಕಿ ಬ್ಯಾಡ್ರಿ" ಅಂದ ಮುದುಕ. "ಅಂಜಿದವ ತಾನು ಹೊಡದ್ರೂ ಮುಚ್ತಾನ. ಎದುರಿನವ ಬಂದೂಕು ಎತ್ತಿದ್ರೂ ಮುಚ್ತಾನ. ದಿನಾ ಖಾಲಿ ಪಿಸ್ತೂಲು ಎಳದು ರೂಢಿ ಮಾಡ್ರಿ, ಹೋಗ್ತದ."

ಎದುರಿನವ ಎತ್ತಿದ್ರೂ...

ಅದೇ ದಿನ, ಬಸ್ಸಿನ್ಯಾಗ

ಕಲ್ಲೂರು ದಾರಿ. ಹೊತ್ತು ಮುಳುಗಾಕತ್ತಿತ್ತು. ಮೂವರು ಅಡ್ಡ ಬಂದ್ರು. ಮುಖಕ್ಕ ಟವಲು. ಅಣ್ಣ ಬಾರಕೋಲು ಎತ್ತಿದ. ಒಬ್ಬವ ಬಂದೂಕು ಎತ್ತಿದ, ಟವಲು ಜಾರಿತು. ಆಮ್ಯಾಲ... ಸಪ್ಪಳ. ಆಮ್ಯಾಲ ಅಣ್ಣ ನೆಲದ ಮ್ಯಾಲ. ಮೂರು ಬೆನ್ನು ಓಡಾಕತ್ತಿದ್ವು.

ಅದಾಲತ್ತಿನ್ಯಾಗ ಏನಂದೆ? ಟವಲು ಜಾರಿತು, ಮುಖ ನೋಡಿದೆ, ಮಾಳಿಂಗಪ್ಪನ ಮುಖ ಅಂದೆ. ಲಿಂಗ ಮುಟ್ಟಿ ಅಂದೆ.

ಜಾರೂದು ನೋಡೀನಿ. ಮುಖ ನೋಡಿಲ್ಲ. ಆ ಹೊತ್ತಿನ್ಯಾಗ ನನಗ ಕತ್ತಲಿ ಇತ್ತು. ಎರಡು ದಿನ ಮೊದಲ ಅವನ ಕುರಿ ನಮ್ಮ ಜ್ವಾಳದ ಹೊಲ ಹೊಕ್ಕಿದ್ವು. ಜಗಳ ಆಗಿತ್ತು. "ನೋಡ್ಕೋತೀನಿ" ಅಂದಿದ್ದ. ಮತ್ತ್ಯಾರು ಇದ್ದಾರು, ಅವನೇ ಅಂತ ತಿಳಕೊಂಡೆ. ತಿಳಕೊಂಡದ್ದನ್ನ ನೋಡೀನಂತ ಹೇಳಿದೆ. ಹೇಳಿ ಹೇಳಿ ಖರೇನ ಆಗಿಬಿಡ್ತು. ನಿನ್ನಿತನಕ ಆ ಮುಖ ನನಗ ಸ್ಪಷ್ಟ ಕಾಣ್ತಿತ್ತು. ಯಪ್ಪಾ, ನಾ ಏನು ಮಾಡಿಬಿಟ್ಟೆ.

೧೫ ಫೆಬ್ರುವರಿ. ಮಾನ್ವಿ

ದಿನಾ ಖಾಲಿ ರಿವಾಲ್ವರ್ ಎಳದೆ. ಟಕ್. ಟಕ್. ಬಸವಂತಮ್ಮ ಹಲ್ಲಿ ಅಂತ ಕರಿಯಾಕತ್ತಾಳ. ಇವತ್ತು ಗುಡ್ಡದ ಹಿಂದ ಆರಕ್ಕ ಐದು ಬಿದ್ವು. ಗಡಿಗಿ ಚೂರುಚೂರು. ಖುಷಿ ಆಗಲಿಲ್ಲ. ಮೊದಲ ಕೊಲ್ಲಾಕ ಬರೂ ಪಾಪಿಗೆ ಅಂಜತಿದ್ದೆ. ಈಗ, ಕೊಲ್ಲಾಕ ಹಕ್ಕಿದ್ದವ ಬರಾಕತ್ತಾನಂತ ಅಂಜಿಕಿ. ಅದು ಹೆಚ್ಚಿಂದು.

ಬಸವಂತಮ್ಮಗ ಹೇಳಬೇಕು. ನಾಳೆ.

೧೮ ಫೆಬ್ರುವರಿ, ಸೋಮವಾರ

ಬಂದಿದ್ದ.

ಹತ್ತು ಗಂಟೆ ಸುಮಾರು. ಪಡಸಾಲ್ಯಾಗ ಒಬ್ಬನ ಇದ್ದೆ. "ಸಾವಕಾರ್ರ" ಅಂತ ಧ್ವನಿ. ಅಂಗಿ ಕೆಳಗ ರಿವಾಲ್ವರ್ ಹಿಡಕೊಂಡು ಬಾಗಿಲಿಗೆ ಹೋದೆ. ಗುರುತು ಸಿಗಲಿಲ್ಲ. ಹಲ್ಲು ಹೋಗ್ಯಾವ. ಹೆಗಲ ಮ್ಯಾಲ ಕಂಬಳಿ, ಕೈಯಾಗ ಏನೂ ಇಲ್ಲ. ಕೆರವು ಅಂಗಳದಾಗ ಬಿಟ್ಟು ಕೆಳಗ ನಿಂತಿದ್ದ.

"ಒಂದು ಮಾತು ಕೇಳಿ ಹೋಗ್ತೀನ್ರಿ. ಹೆಂಡ್ತಿ ಕನಕಿ ನನ್ನ ಒಳಗ ಬಿಡವಲ್ಲಳು. ಮಗಳು ಹತ್ತಿರ ಬರವಲ್ದು. ನಾ ಅವತ್ತು ಕುರಿ ಹಟ್ಟ್ಯಾಗ ಇದ್ದೆ ಅಂದ್ರ, ಸಾವಕಾರ್ರು ಲಿಂಗ ಮುಟ್ಟಿ ಹೇಳ್ಯಾರ, ಅಂಥವರು ಸುಳ್ಳು ಆಡ್ತಾರೇನು ಅಂತಾಳ್ರಿ ನನ್ನ ಹೆಂಡ್ತಿ. ಎಂಟು ವರ್ಷ ಇದೊಂದೇ ವಿಚಾರ ಮಾಡೀನಿ. ಖರೇವಂದ್ರೂ ನನ್ನ ಮುಖ ನೋಡಿದ್ರೇನ್ರಿ?"

ಅಂಗಿ ಕೆಳಗ ಕೈ ಅಲಗ್ಯಾಡಲಿಲ್ಲ. ಕಣ್ಣೂ ಮುಚ್ಚಲಿಲ್ಲ. ನೆಟ್ಟಗ ಅವನ ಮುಖ ನೋಡಿ ಹೇಳಿದೆ.

"ನೋಡೀನಿ" ಅಂದೆ.

"ಹಂಗಾದ್ರ ಆತು ಬಿಡ್ರಿ" ಅಂದ. ಬಸವಂತಮ್ಮ ಒಳಗಿಂದ ತಂಬಿಗಿ ನೀರು ತಂದಿಟ್ಟಳು. ಕುಡದ. ಕೈ ಮುಗದ. ಹೋದ.

ಥೂ ನನ್ನ ಜನ್ಮಕ್ಕ.

೧೨ ಮಾರ್ಚ್, ಮಂಗಳವಾರ. ಮುಂಜಾನಿ

ಇಷ್ಟು ದಿನ ಪುಸ್ತಕ ಮುಟ್ಟಲಿಲ್ಲ.

ಸೂಗಮ್ಮ ಈಗ ಬಂದು ಹೇಳಿದಳು. ಕನಕಮ್ಮ ಮಗಳನ್ನ ಕರಕೊಂಡು ಇವತ್ತು ಮಧ್ಯಾಹ್ನ ಗದ್ವಾಲಕ್ಕ ಹೊಂಟಾಳ, ತಮ್ಮನ ಮನಿಗೆ, ಕಾಯಂ. ಮಾಳಿಂಗಪ್ಪ ಮೂರು ದಿನದಿಂದ ಹಟ್ಟ್ಯಾಗ ಬಿದ್ದಾನ. ಉಣ್ಣವಲ್ಲ. ಯಾರ ಕೂಡನೂ ಮಾತಿಲ್ಲ. "ನಾನೇ ಹೊಡದಿರಬೇಕು ಬಿಡ್ರಿ" ಅಂದನಂತ, ಒಂದೇ ಸಲ.

ಕುಂತಲ್ಲೇ ಬಸವಂತಮ್ಮಗ ಎಲ್ಲಾ ಹೇಳಿಬಿಟ್ಟೆ. ಕತ್ತಲಿ, ಟವಲು, ಲಿಂಗ, ಅವತ್ತಿನ ಸುಳ್ಳು, ಮೊನ್ನಿನ ಸುಳ್ಳು. ಬೈತಾಳ ಅಂದ್ಕೊಂಡಿದ್ದೆ. ಕೈಯಾಗಿನ ಬೀಸಣಿಗಿ ಕೆಳಗಿಟ್ಟಳು.

"ಎಂಟು ವರ್ಷ ಆ ಹೆಣ್ಮಗಳಿಗೆ ಮುಂಜಾನಿ ಎದ್ದು ಶಾಪ ಹಾಕೀನ್ರಿ ನಾನು" ಅಂದಳು. ಅತ್ತಳು. ಸೆರಗಿಲೆ ಮುಖ ಒರಸ್ಕೊಂಡು, "ಗಾಡಿ ಕಟ್ಟಸ್ತೀನಿ, ಏಳ್ರಿ" ಅಂದಳು.

"ಪೊಲೀಸ್ ಅಮೀನ ಕೇಳಿದ್ರ? ಸುಳ್ಳು ಗವಾಹಿ ಅಂತ ನನ್ನ ಹಿಡದ್ರ?"

"ಹಿಡೀಲಿ. ಬುತ್ತಿ ತರ್ತೀನಿ."

ಆಕಿಗೆ ಹೇಳೂದು ಸಸಾರ. ನನಗ ಅಂಜಿಕಿ ಒಂದಲ್ಲ. ಜೇಲಿನ ಅಂಜಿಕಿ. ಮಂದಿ ಏನಂತಾರ ಅನ್ನೂ ಅಂಜಿಕಿ. ಅಣ್ಣನ್ನ ಕೊಂದವ ಇನ್ನಾ ಎಲ್ಲೋ ಅದಾನ — ನನ್ನ ತಕ್ಕಡಿಗೇ ಹತ್ತಿ ತಂದು ಹಾಕ್ತಿರಬೇಕು, ಯಾರಿಗೆ ಗೊತ್ತು — ಆ ಅಂಜಿಕಿ. ಎಲ್ಲಕ್ಕಿಂತ ಹೆಚ್ಚು ಆ ಹೆಂಗಸಿನ ಮುಖದ ಅಂಜಿಕಿ. ರಿವಾಲ್ವರ್ ಟ್ರಂಕಿನ್ಯಾಗ ಇಟ್ಟು ಕೀಲಿ ಬಸವಂತಮ್ಮಗ ಕೊಟ್ಟೆ.

ಗಾಡಿ ಬಂದು ನಿಂತದ. ಕರಿಯಾಕತ್ತಾಳ. ಅಲ್ಲಿ ಹೋಗಿ ಮತ್ತ ನಾಲಿಗಿ ಹೊಳ್ಳಬಾರದು. ಹೇಳೂ ಮಾತು ಮೊದಲ ಇಲ್ಲಿ ಬರದು ನೋಡ್ತೀನಿ. ಒಂದೇ ಮಾತು ಅದ. ಕೈಲೆ ಬರದದ್ದು ಬಾಯಿಲೆ ಬಂದೀತು.

ಕನಕಮ್ಮ, ಅವತ್ತು ಗುಂಡು ಹಾರೂ ಮುಂದ ನಾನು ನಿನ್ನ ಗಂಡನ ಮುಖ ನೋಡಿಲ್ಲ.